ಬಾರದಾನ

ಮೊಬೈಲು ಚಾಪಿ ಮ್ಯಾಲೆ ಇಟ್ಟು ಕೇಳತೀರಿ ನೀವು:
ಮೈಂದರಗಿ ದಾವಲ
ಹಂಜಗಿ ಧೂಳಪ್ಪನಿಗೆ ಸಾಟಿ ಏನ್ರಿ?

ಚಹಾ ಕುಡೀರಿ ಮೊದಲು.
ದಾವಲನ ಬೆನ್ನಿಗೆ ಹನ್ನೊಂದು ವರ್ಷ ತುಂತುಣಿ ಹಿಡದಾಂವ ನಾ,
ಸಾಕ್ಷಿ ಹೇಳಾಕ ಲಾಯಕ್ಕಲ್ಲ.
ಆದರ ಸೊಲ್ಲಾಪುರದ ಅಡತಿಯೊಳಗ
ಮೂವತ್ತು ವರ್ಷ ತಕ್ಕಡಿನೂ ಹಿಡದೀನಿ,
ತೂಕದ ಮಾತು ಬಂತಂದ್ರ
ಕೈ ತಾನೇ ಏಳತದ.

ಧೂಳಪ್ಪಂದು ಕಂಠ.
ಇಲ್ಲ ಅಂದವನ ನಾಲಗಿಗೆ ಹುಳ ಬೀಳಲಿ.
ಮ್ಯಾಲಿನ ಪಟ್ಟಿಗೆ ಏರಿದನಂದ್ರ
ಎಣ್ಣಿ ಬಿಟ್ಟ ರಾಟಿ ಮ್ಯಾಲೆ ಹಗ್ಗ ಸರದ್ಹಂಗ,
ಎಲ್ಲೂ ತೊಡಕಿಲ್ಲ.
ಅರವತ್ತೆರಡರಾಗ ರೇಡಿಯೋಕ್ಕ ಹೋದ,
ಅರವತ್ತೈದಕ್ಕ ಪ್ಲೇಟು ಬಂತು,
ನಡುವ ಅವನ ಹೆಸರು, ಸುತ್ತ ಅವನ ದನಿ.
ಹೋಟೆಲಿನಾಗ ಅದು ತಿರಗೂ ಮುಂದ
ದಾವಲ ಕೈಯಾಗಿನ ಭಜಿ ಬಾಯಿಗೆ ಒಯ್ಯತಿರಲಿಲ್ಲ.

ದಾವಲ?
ಗಿರಣಿಯ ಮೂರನೇ ಪಾಳಿ ಮುಗಿಸಿ ಬರಾಂವ,
ಹುಬ್ಬಿನಾಗ ಅರಳಿ, ಎದಿಯಾಗ ಅರಳಿ,
ಎರಡು ನುಡಿಗೊಮ್ಮೆ ಕೆಮ್ಮು.
ನುಡಿ ಮರೀತಿದ್ದ. ಮರೆತಲ್ಲಿ
ಎದುರಿಗೆ ಕಂಡದ್ದು ತುರುಕತಿದ್ದ:
ಕಂದೀಲು, ಫೌಜದಾರನ ಮೀಸಿ,
ಯಾರದೋ ಕೂಸಿನ ಆಕಳಿಕೆ.
ಮರುದಿನ ಅದನ್ನ ಇನ್ನೊಮ್ಮೆ ಹೇಳೋ ಅಂದರ
"ಯಾವದು?" ಅಂತಿದ್ದ.

ರೇಡಿಯೋದ ಅರ್ಜಿ ಇಬ್ಬರದೂ ಬರದವ ನಾನೇ.
ಪತ್ತೇದ ಜಾಗಾದಾಗ ಧೂಳಪ್ಪ
ಇಂಡಿಯೊಳಗಿನ ಬೀಗರ ಮನಿ ಬರಸಿದ. ಶಾಣ್ಯಾ.
ದಾವಲ, ಗಿರಣಿ ಚಾಳು, ಖೋಲಿ ನಂಬರ್ ಹದಿನೇಳು, ಸೊಲ್ಲಾಪುರ.
ಧಾರವಾಡದವರು ಬರದರು: ನೀವು ಮಹಾರಾಷ್ಟ್ರದವರು, ಪುಣೆಗೆ ಕೇಳ್ರಿ.
ಪುಣೆಯವರು ಬರದರು: ಹಾಡು ಕಾನಡಿ, ಧಾರವಾಡಕ್ಕ ಕೇಳ್ರಿ.
ಎರಡೂ ಕಾರ್ಡು ನನ್ನ ತುಂತುಣಿಯ ಬುರುಡಿಯೊಳಗ ಒಗದ.
ತಂತಿ ಮಿಡಿದರ ಸಾಕು,
ಒಳಗ ಸಣ್ಣಗ ಪರಪರ ಅಂತಿದ್ದವು.

ತಕ್ಕಡಿಯವರದು ಒಂದು ಕಾಯ್ದೆ ಅದ,
ಮಾಲು ತೂಗಿದ ಮ್ಯಾಲೆ ಚೀಲದ ತೂಕ ಕಳೀಬೇಕು.
ಬಾರದಾನ ಅಂತೀವಿ.
ಧೂಳಪ್ಪನಿಂದ ಪ್ಲೇಟು ಕಳೀರಿ, ಜರದ ಪಟಗಾ ಕಳೀರಿ.
ದಾವಲನಿಂದ ಸೆರಿ ಕಳೀರಿ, ಸಾಲ, ಆ ಎರಡು ಕಾರ್ಡು,
ಕೆಮ್ಮು
ಕೆಮ್ಮು ಕಳದರ ಅವನ ತಾಳ ಎಲ್ಲಿ ಉಳೀತದ?
ಇಲ್ಲಿಗೆ ಬಂದು ಪ್ರತಿ ಸಲ ನನ್ನ ಲೆಕ್ಕ ಕೆಡತದ.
ಹಸೀ ಚೀಲದ್ದು ಇದೇ ತಕರಾರು,
ಎಷ್ಟು ನೀರು, ಎಷ್ಟು ಸಣಬು, ಹೇಳಾಕ ಬರೂದಿಲ್ಲ.

ಒಂದು ರಾತ್ರಿ ಮಾತ್ರ ಹೇಳತೀನಿ.
ಉರುಸು. ತುರಾ ಅಂವ, ಕಲ್ಗಿ ಇಂವ.
ಬೀಜ ದೊಡ್ಡದೋ ನೆಲ ದೊಡ್ಡದೋ ಅಂತ ಸವಾಲು.
ಬೀಜದ ಮ್ಯಾಲೆ ಧೂಳಪ್ಪ ಹದಿನಾಲ್ಕು ನುಡಿ ಹಾಡಿದ,
ದಪ್ಪಿನ ತುಂಬ ನೋಟು.
ದಾವಲ ಎದ್ದ. ಒಂದು ನುಡಿ ಹಾಡಿದ, ಎರಡನೇದು ಮರೆತ.
ದಪ್ಪು ಮೂರು ಸುತ್ತು ಖಾಲಿ ಹೊಡೀತು,
ಮಂದಿ ಸೀಟಿ ಹಾಕಿದರು.
ಅಂವ ಕುಕ್ಕರಗಾಲಿಲೆ ಕುಂತ,
ಅಂಗೈ ನೆಲಕ್ಕ ಹಚ್ಚಿದ:

"ಇಲ್ಲೇ ಎಲ್ಲೋ ಮಲಗ್ಯಾಳ ನಮ್ಮವ್ವ,
ಗುರ್ತಿನ ಕಲ್ಲಿಲ್ಲ,
ಸಾವಕಾಶ ತುಳೀರಿ."

ಅಷ್ಟೇ. ಪ್ರಾಸ ಇಲ್ಲ, ಅಳತಿ ಇಲ್ಲ.
ಗೀ ಗೀ ಅನ್ನೂದು ನಾ ಮರೆತೆ,
ನನಗಿದ್ದ ಕೆಲಸ ಅದೊಂದೇ.
ಕತ್ತಲಾಗಿಂದ ಯಾರೋ ಎತ್ತಿಕೊಟ್ಟರು.
ಎಣ್ಣಿ ಬಿಟ್ಟ ದನಿ, ಗುರ್ತು ಹಿಡೀಲಿಕ್ಕೆ
ಮಾರಿ ನೋಡೂ ಜರೂರಿಲ್ಲ.

ಬೆಳ್ಳಿ ಕಡೇ ಧೂಳಪ್ಪನಿಗೇ ಕೊಟ್ಟರು. ಸರೀನೇ ಕೊಟ್ಟರು.
ಸಾಟಿ ಅಲ್ಲ ಅಂತಲೇ ಬರಕೋರಿ ನೀವು.

ನಸುಕಿನಾಗ ಮಂದಿ ಊರ ಕಡೆ ಹೊಂಟಾಗ
ನೆಲ ನೋಡಿ ನೋಡಿ ಕಾಲಿಡತಿದ್ದರು.
ಕಡೇ ಹಾಕ್ಕೊಂಡ ಕೈಯಾಗ
ಚಪ್ಪಲಿ ಹಿಡಕೊಂಡು
ಧೂಳಪ್ಪನೂ.